ಹಾಸನದಲ್ಲಿ ಮಾಂಟೆಸ್ಸರಿ ಹುಡುಕುತ್ತಿದ್ದೇವೆ, ಏನು ನೋಡಿ ಸೇರಿಸಬೇಕು?

ವಿದ್ಯಾನಗರದ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಈ ಮಾರ್ಚ್‌ಗೆ ಮೂರು ವರ್ಷ ತುಂಬುತ್ತದೆ, ಜೂನ್‌ನಲ್ಲಿ ಎಲ್ಲಾದರೂ ಸೇರಿಸಬೇಕು. ಸಾಲಗಾಮೆ ರಸ್ತೆ ಕಡೆ ಹೋದರೂ ಬಿ.ಎಂ. ರಸ್ತೆ ಕಡೆ ಹೋದರೂ ಬೋರ್ಡಿನ ಮೇಲೆ ಮಾಂಟೆಸ್ಸರಿ ಅಂತ ಇದೆ. ಒಳಗೆ ಹೋಗಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಂದು ಕಡೆ ಮೂರರಿಂದ ಆರು ವರ್ಷದ ಮಕ್ಕಳೆಲ್ಲ ಒಂದೇ ರೂಮಿನಲ್ಲಿದ್ದರು, ಪುಸ್ತಕ ಇಲ್ಲ, ಹೋಂವರ್ಕ್ ಇಲ್ಲ. ಇನ್ನೊಂದು ಕಡೆ ಮಾಂಟ್ 1, ಮಾಂಟ್ 2 ಅಂತ ಬೇರೆ ಬೇರೆ ರೂಮು, ಪ್ರತಿ ಮಗುವಿನ ಬ್ಯಾಗಿನಲ್ಲೂ ನಾಲ್ಕು ಗೆರೆ ಪುಸ್ತಕ. ಎರಡೂ ಮಾಂಟೆಸ್ಸರಿನಾ?

ಅತ್ತೆ "ನೀರು ಸುರಿಯೋದು, ಬೇಳೆ ಆರಿಸೋದು ಮನೇಲೇ ಕಲೀತಾಳೆ, ಅದಕ್ಕೆ ಇಷ್ಟೊಂದು ಫೀಸು ಯಾಕೆ" ಅಂತಾರೆ. ನಮ್ಮನೆಯವರ ಚಿಂತೆ ಬೇರೆ. ಒಂದನೇ ಕ್ಲಾಸಿಗೆ ಬೇರೆ ಸ್ಕೂಲಿಗೆ ಹಾಕಿದಾಗ ಬರೆಯಲು ಬರದೆ ಹೋದರೆ ಏನು ಮಾಡೋದು ಅಂತ. ಮಕ್ಕಳನ್ನು ಕಳಿಸಿದವರು ದಯವಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಸ್ಕೂಲಿನ ಹೆಸರು ಬೇಡ, ಹೋದಾಗ ಏನು ನೋಡಬೇಕು ಅನ್ನುವುದು ಗೊತ್ತಾದರೆ ಸಾಕು.

ಹೇಮಾವತಿನಗರ ಅಪ್ಪ

ಮೇಡಂ, ಬೋರ್ಡ್ ನಂಬಬೇಡಿ. ನಮ್ಮ ಮಗನನ್ನು ಹಾಕಿದ ಕಡೆ ಮಾಂಟೆಸ್ಸರಿ ಸಾಮಾನೆಲ್ಲ ಗಾಜಿನ ಬೀರುವಿನಲ್ಲಿತ್ತು. ಬೀಗ ಹಾಕಿತ್ತು. ಪೋಷಕರ ಸಭೆ ದಿನ ತೆಗೆದು ಜೋಡಿಸುತ್ತಿದ್ದರು, ಉಳಿದ ದಿನ ಬೆಂಚು, ಎಬಿಸಿಡಿ ಕಾಪಿ ರೈಟಿಂಗ್, ರೈಮ್ಸ್. ಮೆಟೀರಿಯಲ್ ಫೀ ಅಂತ ಬೇರೆ ದುಡ್ಡು ಕಟ್ಟಿಸಿಕೊಂಡಿದ್ದರು. ಒಂದರ ಮೇಲೊಂದು ಪೇರಿಸುವ ಮರದ ಗುಲಾಬಿ ಘನಗಳು ಇರುತ್ತವಲ್ಲ, ಆ ಗುಲಾಬಿ ಗೋಪುರ ಹೇಗಿರುತ್ತದೆ ಅಂತ ಕೇಳಿದರೆ ನನ್ನ ಮಗ "ಮುಟ್ಟಬಾರದು, ಮಿಸ್ ಬೈತಾರೆ" ಅಂದ. ಅವತ್ತೇ ಟಿ.ಸಿ. ಕೇಳಿದೆ. ನನಗೆ ಇವತ್ತಿಗೂ ಸಿಟ್ಟು ಬರುತ್ತದೆ, ದುಡ್ಡಿಗಲ್ಲ, ಆ ಮಾತಿಗೆ.

ಚಾಪೆ ಮತ್ತು ಮಣಿ

ನಾನು ಬೆಂಗಳೂರಿನಲ್ಲಿ ಮಾಂಟೆಸ್ಸರಿ ತರಬೇತಿ ಮುಗಿಸಿ ಅಲ್ಲೇ ಕೆಲವು ವರ್ಷ ಮೂರರಿಂದ ಆರು ವರ್ಷದ ಮಕ್ಕಳ ಜೊತೆ ಕೆಲಸ ಮಾಡಿದವಳು. ಮದುವೆಯಾಗಿ ಹಾಸನಕ್ಕೆ ಬಂದೆ. ಈಗ ಯಾವ ಸ್ಕೂಲಿನಲ್ಲೂ ಇಲ್ಲ, ಹಾಗಾಗಿ ಯಾರ ಪರವಾಗಿಯೂ ಮಾತಾಡುತ್ತಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತಿನಲ್ಲಿ ಓದಿ.

ಮಾಂಟೆಸ್ಸರಿ ಅನ್ನುವ ಹೆಸರಿಗೆ ಯಾರ ಕಾವಲೂ ಇಲ್ಲ. ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳಬಹುದು. ಅದಕ್ಕೇ ಮೊದಲು ಕೇಳಬೇಕಾದದ್ದು, ಮಕ್ಕಳ ಜೊತೆ ಇಡೀ ಬೆಳಿಗ್ಗೆ ಇರುವ ಟೀಚರ್ ಎಲ್ಲಿ ತರಬೇತಿ ಪಡೆದರು, ಎಷ್ಟು ಕಾಲದ ಕೋರ್ಸ್ ಅಂತ. ಮಾಲೀಕರ ಸರ್ಟಿಫಿಕೇಟ್ ಗೋಡೆ ಮೇಲಿದ್ದರೆ ಪ್ರಯೋಜನವಿಲ್ಲ. ಮರಿಯಾ ಮಾಂಟೆಸ್ಸರಿಯವರೇ ಮಗನ ಜೊತೆ ಸೇರಿ 1929ರಲ್ಲಿ ಕಟ್ಟಿದ ಎಎಂಐ (ಅಂತರರಾಷ್ಟ್ರೀಯ ಮಾಂಟೆಸ್ಸರಿ ಸಂಘ) ಅನ್ನುವ ಸಂಸ್ಥೆ ಇದೆ. ನಮ್ಮಲ್ಲಿ ಬೆಂಗಳೂರಿನ ಇಂಡಿಯನ್ ಮಾಂಟೆಸ್ಸರಿ ಸೆಂಟರ್ ಇದೆ. ಇಂಥ ಕಡೆ ಕಲಿತವರು ಒಂದೊಂದು ಸಾಮಾನನ್ನೂ ಕೈಯಲ್ಲಿ ಹಿಡಿದು ಅಭ್ಯಾಸ ಮಾಡಿರುತ್ತಾರೆ, ದಪ್ಪ ದಪ್ಪ ಫೈಲು ಬರೆದಿರುತ್ತಾರೆ, ಬೇರೆ ಶಾಲೆಗಳಲ್ಲಿ ಸುಮ್ನೆ ಕೂತು ಮಕ್ಕಳನ್ನು ನೋಡಿರುತ್ತಾರೆ. ವಾರಾಂತ್ಯದಲ್ಲಿ ಮೊಬೈಲಿನಲ್ಲಿ ಪಾಠ ಕೇಳಿ ಸರ್ಟಿಫಿಕೇಟ್ ತಗೊಂಡವರಿಗೂ ಇವರಿಗೂ ಬಹಳ ವ್ಯತ್ಯಾಸ ಇದೆ.

ಆಮೇಲೆ, ಒಂದು ಬೆಳಿಗ್ಗೆ ಕ್ಲಾಸಿನ ಮೂಲೆಯಲ್ಲಿ ಕೂರಲು ಬಿಡುತ್ತೀರಾ ಅಂತ ಕೇಳಿ. ನನ್ನ ಮಟ್ಟಿಗೆ ಇದೇ ಮುಖ್ಯ, ಉಳಿದದ್ದೆಲ್ಲ ಆಮೇಲೆ. ಒಳಗೆ ಬಿಟ್ಟರೆ ಟೀಚರ್ ಕಡೆ ನೋಡಬೇಡಿ, ಮಕ್ಕಳ ಕೈ ನೋಡಿ. ಮರದ ಒಂದು ದಿಮ್ಮಿ ಇರುತ್ತದೆ, ಅದರಲ್ಲಿ ಹತ್ತು ಕುಳಿ, ಹತ್ತು ಸಿಲಿಂಡರ್, ಪ್ರತಿಯೊಂದರ ತಲೆಗೂ ಪುಟ್ಟ ಹಿಡಿ. ಮಗು ಎಲ್ಲವನ್ನೂ ತೆಗೆದು ಮುಂದೆ ಇಟ್ಟುಕೊಂಡು ಮತ್ತೆ ಹಾಕುತ್ತದೆ. ತೆಳುವಾದದ್ದನ್ನು ಅಗಲದ ಕುಳಿಗೆ ಹಾಕಿದರೆ ಆರಾಮಾಗಿ ಇಳಿಯುತ್ತದೆ, ಆಗ ಏನೂ ಗೊತ್ತಾಗುವುದಿಲ್ಲ. ಕೊನೆಗೆ ಒಂದು ದಪ್ಪ ಸಿಲಿಂಡರ್ ಕೈಯಲ್ಲಿ ಉಳಿಯುತ್ತದೆ, ಉಳಿದಿರುವ ಕುಳಿಗೆ ಅದು ಹೋಗುವುದೇ ಇಲ್ಲ. ಮಗು ಒತ್ತಿ ನೋಡುತ್ತದೆ, ತಿರುಗಿಸಿ ನೋಡುತ್ತದೆ, ನಿಲ್ಲುತ್ತದೆ, ಹಾಕಿದ್ದನ್ನೆಲ್ಲ ಒಂದೊಂದಾಗಿ ಕಣ್ಣಲ್ಲೇ ಅಳೆಯುತ್ತದೆ. ಆಮೇಲೆ ತಾನೇ ತೆಗೆದು ಬದಲಾಯಿಸುತ್ತದೆ. ಇಷ್ಟು ಹೊತ್ತು ಟೀಚರ್ ದೂರದಲ್ಲೇ ಇದ್ದರೆ, ಓಡಿ ಬಂದು "ಹಾಗಲ್ಲ ಪುಟ್ಟಾ, ಹೀಗೆ" ಅನ್ನದಿದ್ದರೆ, ಅದು ಸರಿಯಾದ ಜಾಗ. ತಪ್ಪನ್ನು ತೋರಿಸುವ ಕೆಲಸ ಆ ದಿಮ್ಮಿಯದ್ದು, ಟೀಚರ್‌ದಲ್ಲ.

ನಿಮ್ಮ ಅತ್ತೆಯವರು ಕೇಳಿದ್ದು ನ್ಯಾಯವಾಗಿದೆ. ನೀರು ಸುರಿಯುವುದು, ಗುಂಡಿ ಹಾಕುವುದು, ಬಟ್ಟೆ ಮಡಚುವುದು ಎಲ್ಲ ಮನೆ ಕೆಲಸವೇ. ಮನೆಯಲ್ಲಿ ಮಗುವಿಗೆ ಅದನ್ನು ಮಾಡಲು ಎಷ್ಟು ಹೊತ್ತು ಬಿಡುತ್ತೇವೆ ಅನ್ನುವುದೇ ಪ್ರಶ್ನೆ. ಚೆಲ್ಲುತ್ತದೆ ಅಂತ ಕೈಯಿಂದ ಕಿತ್ತುಕೊಳ್ಳುತ್ತೇವೆ ಅಲ್ವಾ? ಅಲ್ಲಿ ಚೆಲ್ಲಿದರೆ ಒರೆಸಲು ಪುಟ್ಟ ಬಟ್ಟೆ ಪಕ್ಕದಲ್ಲೇ ಇರುತ್ತದೆ. ಮಣಿಕಟ್ಟು ಹಿಡಿತಕ್ಕೆ ಬರುವುದು ಅಲ್ಲಿಂದಲೇ. ಸಿಲಿಂಡರಿನ ಹಿಡಿ ಹಿಡಿದ ಮೂರು ಬೆರಳೇ ಮುಂದೆ ಪೆನ್ಸಿಲ್ ಹಿಡಿಯುವುದು.

ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ರೂಮಿನಲ್ಲಿ ಇರಲೇಬೇಕು. ವಯಸ್ಸಿನ ಪ್ರಕಾರ ಬೇರೆ ಮಾಡಿದರೆ ಅರ್ಧ ಜೀವ ಹೋದ ಹಾಗೆ. ಒಂದೊಂದು ಸಾಮಾನು ಒಂದೊಂದೇ ಇರುತ್ತದೆ, ದುಡ್ಡು ಉಳಿಸಲು ಅಲ್ಲ, ಇನ್ನೊಬ್ಬರು ಮುಗಿಸಿ ರ್‍ಯಾಕಿನಲ್ಲಿ ಇಡುವವರೆಗೆ ಕಾಯಲಿ ಅಂತ. ಮಕ್ಕಳ ಸಂಖ್ಯೆ 30ರ ಹತ್ತಿರ ಇದ್ದರೂ ಹೆದರಬೇಡಿ, ತರಬೇತಾದ ಒಬ್ಬರು, ಸಹಾಯಕ್ಕೆ ಒಬ್ಬರು ಇದ್ದರೆ ಅದು ಈ ಪದ್ಧತಿಯಲ್ಲಿ ಸಹಜವೇ. ಆದರೆ ಬೆಳಿಗ್ಗೆ ಸುಮಾರು ಮೂರು ಗಂಟೆ ಯಾರೂ ಗಂಟೆ ಹೊಡೆಯದೆ, "ಈಗ ರೈಮ್ಸ್, ಈಗ ಡ್ರಾಯಿಂಗ್" ಅಂತ ಎಬ್ಬಿಸದೆ ಕೆಲಸ ಮಾಡಲು ಬಿಡುತ್ತಾರಾ ಅಂತ ಖಂಡಿತ ಕೇಳಿ.

ವಿದ್ಯಾನಗರದ ಅಮ್ಮ

ತುಂಬಾ ಥ್ಯಾಂಕ್ಸ್ ಅಕ್ಕ. ಇದನ್ನು ಅತ್ತೆಗೆ ಓದಿ ಹೇಳಿದೆ. "ಕಿತ್ತುಕೊಳ್ಳೋದು ನಿಜ" ಅಂದರು. ಆದರೆ ಇದೆಲ್ಲ ದುಡ್ಡಿದ್ದವರಿಗೆ ಮಾಡಿದ್ದು ಅಂತಲೂ ಅಂದರು.

ಚಾಪೆ ಮತ್ತು ಮಣಿ

ಶುರುವಾಗಿದ್ದು ಹಾಗಲ್ಲ. ಮಾಂಟೆಸ್ಸರಿ ಇಟಲಿಯ ಡಾಕ್ಟರ್. 1907ರ ಜನವರಿ 6ರಂದು ರೋಮ್‌ನ ಸ್ಯಾನ್ ಲೊರೆಂಜೊ ಅನ್ನುವ ಬಡವರ ಬಡಾವಣೆಯಲ್ಲಿ ಮೊದಲ ಮಕ್ಕಳ ಮನೆ ತೆರೆದರು. ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ಮೆಟ್ಟಿಲ ಮೇಲೆ, ಅಂಗಳದಲ್ಲಿ ಅಲೆಯುತ್ತಿದ್ದ ಮಕ್ಕಳೇ ಅಲ್ಲಿ ಬಂದವರು. ನಮ್ಮ ದಕ್ಷಿಣಕ್ಕೂ ಇದು ಹೊಸದಲ್ಲ. 1939ರಲ್ಲಿ ಥಿಯೊಸಾಫಿಕಲ್ ಸೊಸೈಟಿ ಕರೆದಿದ್ದಕ್ಕೆ ಅವರು ಮದ್ರಾಸಿನ ಅಡ್ಯಾರ್‌ಗೆ ಬಂದು ಟೀಚರ್‌ಗಳಿಗೆ ತರಬೇತಿ ಕೊಟ್ಟರು. ಅಷ್ಟರಲ್ಲಿ ಮಹಾಯುದ್ಧ. ಇಟಲಿಯವರು ಅನ್ನುವ ಕಾರಣಕ್ಕೆ ಬ್ರಿಟಿಷರು ಹೊರಗೆ ಹೋಗಲು ಬಿಡಲಿಲ್ಲ, 1946ರವರೆಗೂ ಇಲ್ಲೇ ಉಳಿದರು, ಕೆಲವು ವರ್ಷ ಕೊಡೈಕೆನಾಲ್‌ನಲ್ಲಿದ್ದರು. ಅವರ ಕೈಕೆಳಗೆ ಕಲಿತವರಿಂದಲೇ ನಮ್ಮ ಕಡೆ ಇದು ಹರಡಿದ್ದು. ಈಗ ಫೀಸು ಏರಿರುವುದು ಬೇರೆ ವಿಷಯ, ಅದು ನನಗೂ ಬೇಸರವೇ.

ಕೆ.ಆರ್.ಪುರಂ ಅವಳಿ ಮಕ್ಕಳ ಅಮ್ಮ

ಒಂದನೇ ಕ್ಲಾಸಿನ ಚಿಂತೆ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಎರಡು ಮಕ್ಕಳೂ ಮೂರು ವರ್ಷ ಮಾಂಟೆಸ್ಸರಿ ಮುಗಿಸಿ ಮಾಮೂಲಿ ಸ್ಕೂಲಿಗೆ ಹೋದರು. ಗಣಿತದಲ್ಲಿ ತೊಂದರೆ ಅನ್ನುವುದೇ ಗೊತ್ತಾಗಲಿಲ್ಲ. ಮಣಿ ಸಾಮಾನಿನಲ್ಲಿ ಬಿಡಿ ಮಣಿ ಒಂದು, ಹತ್ತು ಮಣಿಯ ಕಡ್ಡಿ, ನೂರರ ಚೌಕ, ಸಾವಿರದ ಘನ ಇರುತ್ತವೆ. ಮಗಳು ಟ್ರೇಯಲ್ಲಿ ಸಾವಿರದ ಘನ ಎತ್ತಿಕೊಂಡು ಬರುವಾಗ ಎರಡೂ ಕೈ ಬೇಕಾಗಿತ್ತು, ಒಂದು ಮಣಿಯನ್ನು ಎರಡು ಬೆರಳಲ್ಲಿ ತರುತ್ತಿದ್ದಳು. ಸಾವಿರ ಅಂದರೆ ಎಷ್ಟು ಅನ್ನುವುದು ಕೈಗೇ ಗೊತ್ತಿತ್ತು. ಕಡ ತಗೊಂಡು ಕಳೆಯುವ ಲೆಕ್ಕ ಬಂದಾಗ ಕ್ಲಾಸಿನಲ್ಲಿ ಅರ್ಧ ಮಕ್ಕಳು ಒದ್ದಾಡುತ್ತಿದ್ದರು, ಇವಳು "ಹತ್ತರ ಕಡ್ಡಿ ಕೊಟ್ಟು ಚಿಲ್ಲರೆ ತಗೋಬೇಕು" ಅಂತ ತಮ್ಮನಿಗೆ ಹೇಳಿಕೊಟ್ಟಳು.

ತೊಂದರೆ ಆಗಿದ್ದು ಬೇರೆ ಕಡೆ. ಬೋರ್ಡ್ ನೋಡಿ ಬೇಗ ಬೇಗ ಕಾಪಿ ಮಾಡುವುದು, ನಲವತ್ತು ನಿಮಿಷಕ್ಕೆ ಬೆಲ್ ಆದ ತಕ್ಷಣ ಮಾಡುತ್ತಿದ್ದದ್ದನ್ನು ಬಿಟ್ಟು ಇನ್ನೊಂದು ಪುಸ್ತಕ ತೆಗೆಯುವುದು. ಮಗ ಮೊದಲ ತಿಂಗಳೆಲ್ಲ ಮನೆಗೆ ಬಂದು "ಮುಗಿಸೋಕೆ ಬಿಡಲ್ಲಮ್ಮ" ಅಂತ ಅಳುತ್ತಿದ್ದ. ದಸರಾ ರಜೆ ಹೊತ್ತಿಗೆ ಹೊಂದಿಕೊಂಡ. ಇದು ಬರುತ್ತದೆ ಅಂತ ಗೊತ್ತಿರಲಿ, ಹೆದರಬೇಕಾಗಿಲ್ಲ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಎರಡು ವರ್ಷಕ್ಕೆ ಬಿಡಿಸಬೇಡಿ. ತುಂಬಾ ಜನ "ಯುಕೆಜಿಗೆ ದೊಡ್ಡ ಸ್ಕೂಲಿಗೆ ಹಾಕಿದರೆ ಸೀಟು ಗ್ಯಾರಂಟಿ" ಅಂತ ಕರೆದುಕೊಂಡು ಹೋಗುತ್ತಾರೆ. ಓದು, ಲೆಕ್ಕ ಎಲ್ಲ ಒಟ್ಟಿಗೆ ಅರಳುವುದು ಮೂರನೇ ವರ್ಷವೇ. ಅಷ್ಟೇ ಅಲ್ಲ, ಚಿಕ್ಕವರಿಗೆ ಹೇಳಿಕೊಡುವ ಸರದಿ ಬರುವುದೂ ಆಗಲೇ.

ನಿಮ್ಮ ಮಗಳ ಲೆಕ್ಕ ಸರಿಯಾಗಿಯೇ ಕೂರುತ್ತದೆ. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನುವುದು ನಮ್ಮ ರಾಜ್ಯದ ನಿಯಮ. 2025-26ಕ್ಕೆ 5 ವರ್ಷ 5 ತಿಂಗಳು ಅಂತ ಸಡಿಲಿಕೆ ಕೊಟ್ಟಿದ್ದರು, ಅದನ್ನು ನಂಬಿಕೊಂಡು ಪ್ಲಾನ್ ಮಾಡಬೇಡಿ, ಆಯಾ ವರ್ಷದ ಆದೇಶ ನೋಡಿ. ಇನ್ನೊಂದು, ಒಂದನೇ ಕ್ಲಾಸಿಗೆ ಸೇರಿಸುವಾಗ ಮಗುವಿಗೋ ಅಪ್ಪ ಅಮ್ಮನಿಗೋ ಪರೀಕ್ಷೆ ಮಾಡಿ ಆರಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್. ಡೊನೇಷನ್ ಕೂಡ ಅದರಲ್ಲೇ ಬರುತ್ತದೆ. ಯಾರಾದರೂ ಕೇಳಿದರೆ ರಸೀದಿ ಕೊಡಿ ಅನ್ನಿ.

ಸಕಲೇಶಪುರ ತೋಟದಿಂದ

ಎಲ್ಲರೂ ಕ್ಲಾಸಿನೊಳಗಿನದ್ದು ಹೇಳಿದ್ದೀರಿ, ನಾನು ದಾರಿ ವಿಷಯ ಹೇಳುತ್ತೇನೆ. ನಾವೂ ಹಾಸನದ ಒಂದು ಒಳ್ಳೆಯ ಮಾಂಟೆಸ್ಸರಿ ನೋಡಿ ಇಷ್ಟಪಟ್ಟೆವು. ಆದರೆ ನಮ್ಮ ತೋಟದಿಂದ ರಸ್ತೆಗೆ ಬರೋದಕ್ಕೇ ಅರ್ಧ ಗಂಟೆ, ಅಲ್ಲಿಂದ ಆಲೂರು ದಾಟಿ ಹಾಸನ. ಜುಲೈ ಮಳೆಯಲ್ಲಿ ಮೂರು ವರ್ಷದ ಮಗುವನ್ನು ಆರು ಗಂಟೆಗೆ ಎಬ್ಬಿಸಿ ವ್ಯಾನಿಗೆ ಹತ್ತಿಸುವುದು ನಮಗೆ ಮನಸ್ಸು ಬರಲಿಲ್ಲ. ನಿದ್ದೆಗಣ್ಣಲ್ಲಿ ಹೋಗುವ ಮಗು ಅಲ್ಲಿ ಎಂಥ ಸಾಮಾನಿದ್ದರೂ ಏನು ಕಲಿಯುತ್ತದೆ?

ಹತ್ತಿರದ ಅಂಗನವಾಡಿಗೇ ಹಾಕಿದೆವು. ತೋಟದ ಕೆಲಸದವರ ಲೈನ್ ಮನೆ ಮಕ್ಕಳ ಜೊತೆ ಹೋಗುತ್ತಾಳೆ. ಕಾರ್ಯಕರ್ತೆ ಒಳ್ಳೆಯವರು, ಮಕ್ಕಳೇ ತಟ್ಟೆ ತೊಳೆದಿಡುತ್ತಾರೆ, ದೊಡ್ಡ ಮಕ್ಕಳು ಚಿಕ್ಕವರ ಕೈ ಹಿಡಿದು ಕರೆದುಕೊಂಡು ಬರುತ್ತಾರೆ, ಊಟ, ಮೊಟ್ಟೆ ಸಿಗುತ್ತದೆ. ಹಾಡು, ಕಥೆ ಎಲ್ಲ ಕನ್ನಡದಲ್ಲಿ. ಅಂಗನವಾಡಿ ಅಂದರೆ ಮೂಗು ಮುರಿಯುವವರಿಗೆ ಒಂದು ಸಲ ಒಳಗೆ ಹೋಗಿ ನೋಡಿ ಅಂತ ಹೇಳುತ್ತೇನೆ. 1975ರಲ್ಲಿ ನಮ್ಮ ಟಿ. ನರಸೀಪುರದಲ್ಲೂ ಶುರುವಾದ ಯೋಜನೆ ಅದು. ಬೆಂಗಳೂರಿನಲ್ಲಿ 2024ರಲ್ಲಿ ಕೆಲವು ಅಂಗನವಾಡಿಗಳನ್ನು ಸರ್ಕಾರಿ ಮಾಂಟೆಸ್ಸರಿ ಮಾಡಿದರು, ನಮ್ಮ ಜಿಲ್ಲೆಯ ಹಳ್ಳಿಗಳಿಗೂ ಚೆನ್ನಾಗಿ ತರಬೇತಾದವರು ಬರಲಿ ಅನ್ನುವುದು ನನ್ನ ಆಸೆ.

ಅರಸೀಕೆರೆ ಅಜ್ಜಿ

ಸೇರಿಸುವ ಮೊದಲು ಟಾಯ್ಲೆಟ್ ನೋಡಿ ಮಗಳೇ. ಮಗುವಿನ ಎತ್ತರಕ್ಕೆ ಇದೆಯಾ, ಒಣಗಿದೆಯಾ, ಚಡ್ಡಿ ಬದಲಾಯಿಸುವವರು ಯಾರು, ಆ ಆಯಾ ಎಷ್ಟು ದಿನದಿಂದ ಅಲ್ಲಿದ್ದಾರೆ. ಆಯಾ ಪದೇ ಪದೇ ಬದಲಾಗುವ ಕಡೆ ಹಾಕಬೇಡ. ನನ್ನ ಮೊಮ್ಮಗ ಟಾಯ್ಲೆಟ್ಟಿಗೆ ಹೆದರಿ ಮಧ್ಯಾಹ್ನದವರೆಗೂ ನೀರೇ ಕುಡಿಯುತ್ತಿರಲಿಲ್ಲ.

ಬೇಲೂರು ಮೇಷ್ಟ್ರು

ಸರ್ಕಾರಿ ಶಾಲೆಯಲ್ಲಿ ನಲಿಕಲಿ ತರಗತಿ ತಗೊಳ್ಳುತ್ತೇನೆ. ಇಲ್ಲಿ ಹೇಳಿದ್ದನ್ನೆಲ್ಲ ಓದಿ ಖುಷಿಯಾಯಿತು, ಯಾಕೆಂದರೆ ಬೇರೆ ಬೇರೆ ಮಟ್ಟದ ಮಕ್ಕಳು ಒಂದೇ ಕೋಣೆಯಲ್ಲಿ, ಅವರವರ ವೇಗದಲ್ಲಿ ಅನ್ನುವುದು ನಮಗೂ ಹೊಸದಲ್ಲ. ನಲಿಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಯಿತು. ನಾವು ಅ ಆ ಇ ಈ ಅಂತ ಹೊರಡುವುದಿಲ್ಲ, ರ ಗ ಸ ದ ಅ ಅಂತ ಹೊರಡುತ್ತೇವೆ. ಬರೆಯಲು ಸುಲಭ, ಅಷ್ಟರಲ್ಲೇ ಅರಸ, ಸರ, ಗರಗಸ ಅಂತ ಪದ ಓದಬಹುದು. ಮೊದಲ ವಾರಗಳಲ್ಲೇ ಮಗು ಒಂದು ಇಡೀ ಪದ ಓದಿದಾಗ ಮುಖ ನೋಡಬೇಕು.

ನನ್ನ ಪ್ರಶ್ನೆ ಒಂದೇ. ನಿಮ್ಮ ಮಾಂಟೆಸ್ಸರಿಗಳಲ್ಲಿ ಕನ್ನಡ ಎಲ್ಲಿದೆ? ನಾನು ನೋಡಿದ ಒಂದೆರಡು ಕಡೆ ಎಲ್ಲ ಇಂಗ್ಲಿಷಿನಲ್ಲೇ. ಮಗು "ನೀರು ಚೆಲ್ಲಿತು" ಅಂದರೆ "ಸೇ ಇಟ್ ಇನ್ ಇಂಗ್ಲಿಷ್" ಅಂತಾರೆ. ಮೂರು ವರ್ಷದ ಮಗುವಿನ ಬಾಯಿ ಕಟ್ಟಿದ ಮೇಲೆ ಕೈಗೆ ಎಷ್ಟು ಸ್ವಾತಂತ್ರ್ಯ ಕೊಟ್ಟರೇನು? 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಾದ ಕಡೆಯೆಲ್ಲ ಕನಿಷ್ಠ ಐದನೇ ತರಗತಿವರೆಗೆ ಮನೆಮಾತಿನಲ್ಲಿ ಕಲಿಸಿ ಅಂತಲೇ ಹೇಳುತ್ತದೆ.

ಚಾಪೆ ಮತ್ತು ಮಣಿ

ಮೇಷ್ಟ್ರೇ, ಇದು ನನ್ನ ಮನಸ್ಸಿನ ಮಾತು. ಉಪ್ಪುಕಾಗದದ ಅಕ್ಷರಗಳು ಕನ್ನಡದಲ್ಲೂ ಇವೆ. ಮಗು ಎರಡು ಬೆರಳಿನಿಂದ ಆ ಒರಟು ಗೆರೆಯ ಮೇಲೆ ಸವರುತ್ತಾ "ಸ" ಅನ್ನುತ್ತದೆ. ಕಿವಿ, ಕಣ್ಣು, ಬೆರಳು ಮೂರೂ ಒಟ್ಟಿಗೆ. ಇಂಗ್ಲಿಷಿನಲ್ಲಿ ಅಕ್ಷರದ ಹೆಸರು ಬೇರೆ, ಉಲಿ ಬೇರೆ ಆಗಿರುವುದರಿಂದ ನಾವು ಎ, ಬಿ, ಸಿ ಅನ್ನದೆ ಉಲಿಯನ್ನೇ ಕಲಿಸುತ್ತೇವೆ. ಕನ್ನಡಕ್ಕೆ ಆ ಕಷ್ಟವೇ ಇಲ್ಲ. ಗುಣಿತಾಕ್ಷರ, ಒತ್ತಕ್ಷರಕ್ಕೆ ಹೆಚ್ಚು ಹೊತ್ತು ಬೇಕು, ಅದೂ ನಿಧಾನಕ್ಕೆ ಬರುತ್ತದೆ. ಎಷ್ಟೋ ಕಡೆ ಈ ಕನ್ನಡದ ಡಬ್ಬವನ್ನು ಅಪ್ಪ ಅಮ್ಮಂದಿರು ಕೇಳುವುದಿಲ್ಲ ಅಂತಲೇ ಕೆಳಗೆ ಇಳಿಸುವುದಿಲ್ಲ. ಕೇಳಿ. ಹೋದಾಗ "ಕನ್ನಡದ ಉಪ್ಪುಕಾಗದದ ಅಕ್ಷರ ತೋರಿಸಿ" ಅಂತ ನೇರವಾಗಿ ಕೇಳಿ.

ಚಿಕ್ಕಮಗಳೂರು ಕೋಟೆ

ನಮ್ಮ ಮಗನಿಗೆ ಮಾತು ತಡ. ಮೂರು ವರ್ಷಕ್ಕೆ ಐದಾರು ಪದ ಅಷ್ಟೇ. ಮೊದಲು ಹೋದ ನರ್ಸರಿಯವರು "ಮಾತು ಬಂದ ಮೇಲೆ ಕರೆದುಕೊಂಡು ಬನ್ನಿ" ಅಂದುಬಿಟ್ಟರು. ಆ ದಿನ ಎಂ.ಜಿ. ರಸ್ತೆಯಲ್ಲಿ ನಡೆದುಕೊಂಡು ಬರುವಾಗ ಕಣ್ಣೀರು ತಡೆಯಲು ಆಗಲಿಲ್ಲ. ಆಮೇಲೆ ಒಂದು ಮಾಂಟೆಸ್ಸರಿಯವರು ಸೇರಿಸಿಕೊಂಡರು. ಅಲ್ಲಿ ಅವನಿಗೆ ಯಾರೂ ಎದ್ದು ನಿಂತು ಹೇಳು ಅನ್ನಲಿಲ್ಲ. ಬಣ್ಣದ ಪಟ್ಟಿಗಳನ್ನು ಗಾಢದಿಂದ ತಿಳಿಗೆ ಜೋಡಿಸುತ್ತಿದ್ದ. ಪಕ್ಕದಲ್ಲಿ ಐದು ವರ್ಷದ ಒಂದು ಹುಡುಗಿ ತಾನಾಗಿಯೇ ಕೂತು "ಇದು ನೀಲಿ, ಇದು ಇನ್ನೂ ನೀಲಿ" ಅಂತ ಹೇಳುತ್ತಾ ಹೋಗುತ್ತಿದ್ದಳು. ಅವನ ಬಾಯಿಂದ "ಇನ್ನೂ" ಅನ್ನುವ ಪದ ಬಂದಿದ್ದು ಅವಳಿಂದ.

ಆದರೆ ನಮ್ಮ ಹಾಗೆ ಇರುವವರಿಗೆ ಒಂದು ಮಾತು. ಶಾಲೆಯನ್ನೇ ನಂಬಿಕೊಂಡು ಕೂರಬೇಡಿ. ಕಿವಿ ಪರೀಕ್ಷೆ, ಮಾತಿನ ಪರೀಕ್ಷೆ ಮಾಡಿಸಿ. ನಾವು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು. ಅಲ್ಲಿ ಹೇಳಿಕೊಟ್ಟದ್ದನ್ನು ಟೀಚರ್‌ಗೂ ಬರೆದು ಕೊಟ್ಟೆವು, ಅವರು ಕೇಳಿಸಿಕೊಂಡರು. ಹಾಗೆ ಕೇಳಿಸಿಕೊಳ್ಳುವ ಟೀಚರ್ ಸಿಕ್ಕರೆ ಸಾಮಾನು ಒಂದೆರಡು ಕಡಿಮೆ ಇದ್ದರೂ ನಾನು ಅಲ್ಲಿಗೇ ಹಾಕುತ್ತೇನೆ.

ಹೇಮಾವತಿನಗರ ಅಪ್ಪ

ಕೋಟೆಯ ಮೇಡಂ ಹೇಳಿದ್ದು ಸರಿ. ನಮ್ಮ ಹುಡುಗ ಈಗ ಹೋಗುವ ಕಡೆ ಸಾಮಾನು ಹಳೆಯದು, ಗೋಪುರದ ಗುಲಾಬಿ ಬಣ್ಣ ಮೂಲೆಯಲ್ಲೆಲ್ಲ ಎದ್ದಿದೆ. ಮಕ್ಕಳು ಮುಟ್ಟಿ ಮುಟ್ಟಿ ಎದ್ದಿರುವುದು. ಹೊಳೆಯುವ ಸಾಮಾನು ನೋಡಿದರೆ ನನಗೆ ಈಗ ಅನುಮಾನ.

ವಿದ್ಯಾನಗರದ ಅಮ್ಮ

ಎರಡೂ ಕಡೆ ಹೋಗಿ ಬಂದೆ. ಮಾಂಟ್ 1, ಮಾಂಟ್ 2 ಅಂತ ಬೇರೆ ಮಾಡಿದ ಕಡೆ ಕೂರಲು ಬಿಡಲಿಲ್ಲ, "ಮಕ್ಕಳಿಗೆ ಡಿಸ್ಟರ್ಬ್ ಆಗುತ್ತದೆ, ಸಿಸಿಟಿವಿಯಲ್ಲಿ ತೋರಿಸುತ್ತೇವೆ" ಅಂದರು. ಇನ್ನೊಂದು ಕಡೆ ಒಂದು ಪುಟ್ಟ ಕುರ್ಚಿ ಕೊಟ್ಟು, ಮಕ್ಕಳನ್ನು ಮಾತಾಡಿಸಬೇಡಿ ಅಂತಷ್ಟೇ ಹೇಳಿ ಕೂರಿಸಿದರು.

ಒಬ್ಬ ಹುಡುಗ ಇಡೀ ಬೆಳಿಗ್ಗೆ ಕೆಲಸವನ್ನೇ ಮಾಡಲಿಲ್ಲ, ಓಡಾಡಿಕೊಂಡೇ ಇದ್ದ. ಟೀಚರ್ ಬೈಯಲಿಲ್ಲ, ಆದರೆ ಇನ್ನೊಬ್ಬ ಸಾಮಾನು ಹರಡಿಕೊಂಡು ಕೂತಿದ್ದ ಚಾಪೆ ತುಳಿಯಲು ಹೋದಾಗ ತಕ್ಷಣ ಬಂದು ಕೈ ಹಿಡಿದು ಚಾಪೆ ಸುತ್ತ ನಡೆಸಿಕೊಂಡು ಹೋದರು. ನನಗೆ ಇದು ಅರ್ಥವಾಗಲಿಲ್ಲ. ಸುಮ್ನೆ ಓಡಾಡಲು ಬಿಡುವುದು ಸರಿನಾ? ಇನ್ನು ಕನ್ನಡದ ಅಕ್ಷರದ ಡಬ್ಬ ಮೇಲಿನ ರ್‍ಯಾಕಿನಲ್ಲಿತ್ತು, ಕೇಳಿದ್ದಕ್ಕೆ ಇಳಿಸಿದರು. ಟೀಚರ್ ಒಂದು ವರ್ಷದ ಕೋರ್ಸ್ ಮಾಡಿದವರು. ಟಾಯ್ಲೆಟ್ ಒಣಗಿತ್ತು ಅಜ್ಜಿ, ಆಯಾ ಶುರುವಿನಿಂದಲೂ ಅಲ್ಲೇ ಇದ್ದಾರಂತೆ. ಫೀಸು ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ, ಮೂರು ಕಂತಿನಲ್ಲಿ ಕಟ್ಟಬಹುದು.

ಚಾಪೆ ಮತ್ತು ಮಣಿ

ಒಳ್ಳೆಯ ಪ್ರಶ್ನೆ. ಅಲ್ಲಿ ಸ್ವಾತಂತ್ರ್ಯ ಅಂದರೆ ಏನು ಬೇಕಾದರೂ ಮಾಡು ಅಂತಲ್ಲ. ಇನ್ನೊಬ್ಬರ ಕೆಲಸ ಕೆಡಿಸುವಂತಿಲ್ಲ, ಸಾಮಾನು ಎಸೆಯುವಂತಿಲ್ಲ, ತೆಗೆದದ್ದನ್ನು ಅಲ್ಲೇ ಇಡಬೇಕು. ಆ ಟೀಚರ್ ಮಾಡಿದ್ದು ಅದನ್ನೇ. ಹೊಸ ಮಗುವಾದರೆ ಕೆಲವು ವಾರ ಓಡಾಡುತ್ತದೆ, ನೋಡುತ್ತದೆ, ಆಮೇಲೆ ಒಂದು ದಿನ ಏನೋ ಒಂದರಲ್ಲಿ ಕೈ ನೆಡುತ್ತದೆ. ಅದೇ ಮಗು ತಿಂಗಳುಗಟ್ಟಲೆ ಹೀಗೇ ಇದ್ದರೆ ಟೀಚರ್ ದಾರಿ ಹುಡುಕಬೇಕು. "ಆ ಹುಡುಗನಿಗೆ ಈಗ ಏನು ತೋರಿಸುತ್ತಿದ್ದೀರಿ?" ಅಂತ ಕೇಳಬಹುದು. ಒಳ್ಳೆಯ ಟೀಚರ್ ಹತ್ತಿರ ಅದಕ್ಕೆ ಉತ್ತರ ಇರುತ್ತದೆ, ಒಂದೊಂದು ಮಗುವಿನದ್ದೂ ಬರೆದಿಟ್ಟುಕೊಂಡಿರುತ್ತಾರೆ.

ಜೂನ್‌ವರೆಗೆ ಆನ್‌ಲೈನಿನಲ್ಲಿ ಸಿಗುವ ಮಾಂಟೆಸ್ಸರಿ ಸೆಟ್ ಏನೂ ತರಬೇಡಿ. ಅಲ್ಲಿ ನೋಡಬೇಕಾದದ್ದನ್ನು ಮನೆಯಲ್ಲೇ ನೋಡಿದರೆ ಅವಳಿಗೆ ಆಸೆ ಹೋಗುತ್ತದೆ. ಚಪ್ಪಲಿ ತಾನೇ ಹಾಕಿಕೊಳ್ಳಲಿ, ಅವರೆಕಾಯಿ ಸುಲಿಯುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ, ಪುಟ್ಟ ಚೊಂಬಿನಲ್ಲಿ ನೀರು ಬಗ್ಗಿಸಿ ಕುಡಿಯಲಿ. ಕೂದಲು ಬಾಚುವಾಗ ಅರ್ಜೆಂಟ್ ಮಾಡಬೇಡಿ. ಮೊದಲ ವಾರ ಅಳುತ್ತಾಳೆ, ಬಾಗಿಲಲ್ಲಿ ಹೇಳಿಯೇ ಹೋಗಿ, ಕಣ್ಣು ತಪ್ಪಿಸಿ ಹೋಗಬೇಡಿ.

ಕೆ.ಆರ್.ಪುರಂ ಅವಳಿ ಮಕ್ಕಳ ಅಮ್ಮ

ಮೂರನೇ ವರ್ಷಕ್ಕೆ ಫೀಸು ಎಷ್ಟು ಏರುತ್ತದೆ ಅಂತ ಈಗಲೇ ಬರೆದು ಕೊಡಲು ಹೇಳಿ. ಎಷ್ಟೋ ಜನ ಮಧ್ಯದಲ್ಲಿ ಬಿಡಿಸುವುದು ಅದಕ್ಕೇ.

ವಿದ್ಯಾನಗರದ ಅಮ್ಮ

ಕೇಳುತ್ತೇನೆ. ಅಡ್ಮಿಷನ್ ಫಾರಂ ತಂದಿದ್ದೇವೆ. ಅತ್ತೆಯವರೂ ಬಂದು ಒಂದು ಬೆಳಿಗ್ಗೆ ಕೂತು ನೋಡುತ್ತೇನೆ ಅಂದಿದ್ದಾರೆ, ಟೀಚರ್ ಬನ್ನಿ ಅಂದರು. ಅವರು ನೋಡಿ ಬಂದ ಮೇಲೆ ದುಡ್ಡು ಕಟ್ಟುತ್ತೇವೆ. ವಿದ್ಯಾನಗರ, ಕುವೆಂಪುನಗರ ಕಡೆಯಿಂದ ಸಾಲಗಾಮೆ ರಸ್ತೆಗೆ ಮಗುವನ್ನು ಕಳಿಸುವವರು ಯಾರಾದರೂ ಇದ್ದರೆ ಇಲ್ಲೇ ಹೇಳಿ, ನಾಲ್ಕು ಮಕ್ಕಳಿಗೆ ಸೇರಿ ಒಂದು ಗೊತ್ತಿರುವ ಆಟೋ ಮಾಡಿಕೊಳ್ಳೋಣ.